ಪ್ರೊಸೆಸರ್ ಪೆಟ್ಟಿಗೆಯ ಸಾಲುಗಳು: ಬೆಲೆ ಮತ್ತು ಕಸುವಿನ ವ್ಯಾಖ್ಯಾನ

ಅಸೆಂಬಲ್ಡ್ ಕಂಪ್ಯೂಟರ್ ಕೊಳ್ಳಲು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋದರೂ, ಊರಿನ ಅಂಗಡಿಗೇ ಹೋದರೂ ಮೊದಲು ಕೈಗೆ ಸಿಗುವುದು ಕೊಟೇಶನ್ ಚೀಟಿ. ಸಾಮಾನ್ಯವಾಗಿ ಅದರ ಮೊದಲ ಸಾಲಿನಲ್ಲೇ ಪ್ರೊಸೆಸರ್ ಇರುತ್ತದೆ. ಕೆಳಗಿನ ಮದರ್‌ಬೋರ್ಡು, ರ್‍ಯಾಮು, ಎಸ್‌ಎಂಪಿಎಸ್ಸು, ಫ್ಯಾನು ಎಲ್ಲವೂ ಆ ಸಾಲಿಗೆ ಹೊಂದಿಕೊಂಡು ಬರುವಂಥವು. ಅಲ್ಲೊಂದು ಅಂಕಿಯನ್ನು ತಪ್ಪಾಗಿ ಓದಿದರೆ ಪೆಟ್ಟು ಚೀಟಿಯ ಕೊನೆಯ ಮೊತ್ತದವರೆಗೂ ಇಳಿಯುತ್ತದೆ. ಮಗಳ ಎಂಜಿನಿಯರಿಂಗ್ ಓದಿಗೆಂದು ಸೊಸೈಟಿಯಲ್ಲಿ ಸಾಲ ತೆಗೆದ ತಂದೆಗೆ, ತಾಲ್ಲೂಕು ಕೇಂದ್ರದಲ್ಲಿ ಡಿಟಿಪಿ ಅಂಗಡಿ ಇಡಲು ಹೊರಟ ಹುಡುಗನಿಗೆ ಐದು ಸಾವಿರ ರೂಪಾಯಿ ಸಣ್ಣ ಮೊತ್ತವಲ್ಲ. ಅಂಥವರು ಪ್ರೊಸೆಸರಿನ ಪೆಟ್ಟಿಗೆಯನ್ನು ಯಾರ ನೆರವೂ ಇಲ್ಲದೆ ಓದುವಂತಾಗಬೇಕು ಎಂಬುದು ನನ್ನ ಆಸೆ.

ಮೂಲಪಾಠವಾಗಿ ಎತ್ತಿಕೊಂಡಿರುವುದು ಇಂಟೆಲ್ ಕಂಪನಿ 2022ರ ಜನವರಿಯಲ್ಲಿ ಹೊರತಂದ ಒಂದು ಪ್ರೊಸೆಸರಿನ ವಿವರಪಟ್ಟಿ. ಕೊಟ್ಟ ದುಡ್ಡಿಗೆ ಮೋಸವಿಲ್ಲ ಎಂದು ಹೆಸರು ಮಾಡಿದ್ದು ಇದು. ಆಮೇಲೆ ಹೊಸವು ಬಂದಿವೆ. ಅವುಗಳ ಪಟ್ಟಿಯಲ್ಲೂ ಇವೇ ಸಾಲುಗಳಿರುತ್ತವೆ, ಅಂಕಿ ಮಾತ್ರ ಬೇರೆ.

“ಇಂಟೆಲ್ ಕೋರ್ ಐ5-12400ಎಫ್”

ಹೆಸರಿನಲ್ಲಿ ನಾಲ್ಕು ತುಂಡುಗಳಿವೆ. ‘ಐ5’ ದರ್ಜೆ; ‘12’ ತಲೆಮಾರು; ‘400’ ಆ ತಲೆಮಾರಿನೊಳಗಿನ ಸ್ಥಾನ; ‘ಎಫ್’ ಎಂಬ ಬಾಲಕ್ಕೆ ಎಂಟನೆಯ ಸಾಲಿನಲ್ಲಿ ಬರುತ್ತೇನೆ. ಅಂಗಡಿಯಲ್ಲಿ ಜೋರಾಗಿ ಕೇಳಿಬರುವುದು ದರ್ಜೆ. ‘ಐ7 ಸಿಸ್ಟಮ್ ಇಷ್ಟು ಕಡಿಮೆಗೆ’ ಎಂಬ ಬೋರ್ಡುಗಳ ಹಿಂದೆ ಹಲವು ಸಲ 2011ರ ಐ7-2600 ಇರುತ್ತದೆ. ಅದರಲ್ಲಿ ನಾಲ್ಕು ಕೋರ್, ಎಂಟು ಥ್ರೆಡ್. ಹನ್ನೆರಡನೇ ತಲೆಮಾರಿನ ಐ3-12100ರಲ್ಲೂ ನಾಲ್ಕು ಕೋರ್, ಎಂಟು ಥ್ರೆಡ್. ಆದರೂ ಈ ಐ3 ಆ ಹಳೆಯ ಐ7ನ್ನು ಎಲ್ಲ ಕೆಲಸದಲ್ಲೂ ಸಾಕಷ್ಟು ಹಿಂದೆ ಹಾಕುತ್ತದೆ. ಸಾಲದ್ದಕ್ಕೆ, ಇಂಟೆಲಿನ ಎಂಟನೇ ತಲೆಮಾರಿಗಿಂತ ಹಿಂದಿನ ಸಾಮಾನ್ಯ ಪ್ರೊಸೆಸರುಗಳಿಗೆ ವಿಂಡೋಸ್ 11ರ ಅಧಿಕೃತ ಬೆಂಬಲವಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರಿಗೆ ಮುಗಿದಿದೆ. ಅಗ್ಗದ ‘ಐ7’ ಮನೆಗೆ ಬಂದ ದಿನವೇ ಹಳತಾಗಿರುತ್ತದೆ.

ಲ್ಯಾಪ್‌ಟಾಪಿನಲ್ಲಿ ಹೆಸರಿನ ತೊಡಕು ಇನ್ನೂ ಹೆಚ್ಚು. ಐ7-1255ಯು ಎಂಬುದು 15 ವ್ಯಾಟ್‌ಗೆ ರೂಪಿಸಿದ್ದು, ಅದರ ಹತ್ತು ಕೋರುಗಳಲ್ಲಿ ದೊಡ್ಡವು ಎರಡೇ. ಗಂಟೆಗಟ್ಟಲೆ ಎಡೆಬಿಡದೆ ದುಡಿಸಿದರೆ ಡೆಸ್ಕ್‌ಟಾಪಿನ ಈ ಐ5 ಅದನ್ನು ಮೀರುತ್ತದೆ. ಇಂಟೆಲಿನ ಪ್ರತಿಸ್ಪರ್ಧಿ ಎಎಂಡಿಯವರ ರೈಜನ್ 5 7520ಯು ಹೆಸರು ಏಳು ಸಾವಿರದ ಸರಣಿಯದು, ಒಳಗಿನ ವಿನ್ಯಾಸ ಮಾತ್ರ 2019ರಲ್ಲಿ ಬಂದ ‘ಜೆನ್ 2’. ಆ ಸರಣಿಯ ಲ್ಯಾಪ್‌ಟಾಪ್ ಪ್ರೊಸೆಸರುಗಳಲ್ಲಿ ವಿನ್ಯಾಸದ ವಯಸ್ಸು ಹೇಳುವುದು ಮೂರನೆಯ ಅಂಕಿ: 2 ಎಂದಿದ್ದರೆ ಜೆನ್ 2, 4 ಎಂದಿದ್ದರೆ ಜೆನ್ 4. ಆ ಒಂದು ಅಂಕಿ ನೋಡಲು ಐದು ಸೆಕೆಂಡೂ ಬೇಡ, ಆದರೆ ಯಾವ ಜಾಹೀರಾತೂ ಅದನ್ನು ಎತ್ತಿ ಹೇಳುವುದಿಲ್ಲ.

“ಕೋರ್ 6, ಥ್ರೆಡ್ 12”

ಆರು ಕೋರ್ ಎಂದರೆ ನಿಜವಾಗಿ ಕೆಲಸ ಮಾಡುವ ಆರು ಘಟಕಗಳು. ಹನ್ನೆರಡು ಥ್ರೆಡ್ ಎಂದರೆ ಒಂದೊಂದು ಘಟಕವೂ ಎರಡೆರಡು ಕೆಲಸದ ಸಾಲನ್ನು ಹಿಡಿದುಕೊಂಡಿರುತ್ತದೆ. ಒಂದು ಸಾಲು ಮೆಮೊರಿಗಾಗಿ ಕಾಯುವಾಗ ಇನ್ನೊಂದು ಸಾಗುತ್ತದೆ. ಇದರಿಂದ ಕಸುವು ಇಮ್ಮಡಿಯಾಗುವುದಿಲ್ಲ, ಕೆಲಸಕ್ಕೆ ತಕ್ಕಂತೆ ಒಂದಿಷ್ಟು ಏರುತ್ತದೆ. 2024ರ ಅಕ್ಟೋಬರಿನಲ್ಲಿ ಬಂದ ಡೆಸ್ಕ್‌ಟಾಪಿನ ಕೋರ್ ಅಲ್ಟ್ರಾ 200 ಸರಣಿಯಲ್ಲಿ ಇಂಟೆಲ್ ಈ ಏರ್ಪಾಡನ್ನೇ ಕೈಬಿಟ್ಟಿತು. ಹಾಗಾಗಿ ಥ್ರೆಡ್ಡುಗಳ ಸಂಖ್ಯೆ ಕಡಿಮೆಯಿದೆ ಎಂದಷ್ಟಕ್ಕೇ ಹೊಸ ಪ್ರೊಸೆಸರನ್ನು ತಳ್ಳಿಹಾಕಬೇಕಿಲ್ಲ.

ಕೋರುಗಳ ವಿಷಯದಲ್ಲಿ ಕಂಪ್ಯೂಟರ್ ವಿನ್ಯಾಸಕಾರ ಜೀನ್ ಆಮ್ಡಾಲ್ 1967ರಲ್ಲಿ ಮುಂದಿಟ್ಟ ವಾದ ಇಂದಿಗೂ ಅಷ್ಟೇ ಗಟ್ಟಿ. ಕೆಲಸದ ಎಷ್ಟು ಭಾಗವನ್ನು ಹಂಚಬಹುದೋ ಅಷ್ಟಕ್ಕೇ ಹೆಚ್ಚಿನ ಕೋರುಗಳ ಲಾಭ. ಹಂಚಲಾಗದ ಭಾಗ ಎಷ್ಟು ಕೋರ್ ಇದ್ದರೂ ಹಿಂದಿನಷ್ಟೇ ಹೊತ್ತು ತಿನ್ನುತ್ತದೆ. ಲೆಕ್ಕ ಹಾಕಿ ನೋಡೋಣ. ಅರ್ಧ ಕೆಲಸ ಹಂಚಬಹುದಾದದ್ದು ಎಂದುಕೊಂಡರೆ, ಒಂದು ಕೋರಿಗೆ ಹೋಲಿಸಿದಾಗ ಆರು ಕೋರು ಸುಮಾರು 1.7 ಪಟ್ಟು ವೇಗ ಕೊಡುತ್ತವೆ. ಹದಿನಾರು ಕೋರು ಹಾಕಿದರೂ ಅದು 1.9 ಪಟ್ಟನ್ನು ಮುಟ್ಟುವುದಿಲ್ಲ. ನೂರಕ್ಕೆ 95 ಭಾಗ ಹಂಚಬಹುದಾದರೆ ಆರು ಕೋರಿಗೆ 4.8 ಪಟ್ಟು, ಹದಿನಾರಕ್ಕೆ 9.1 ಪಟ್ಟು. ಅದೇ ಹತ್ತು ಹೆಚ್ಚುವರಿ ಕೋರು ಒಬ್ಬರಿಗೆ ಬರಿಯ ಅಲಂಕಾರ, ಇನ್ನೊಬ್ಬರಿಗೆ ಹೆಚ್ಚುಕಡಿಮೆ ಎರಡನೆಯ ಕಂಪ್ಯೂಟರ್.

ನಮ್ಮ ಕೆಲಸ ಯಾವ ಬಗೆಯದು ಎಂದು ತಿಳಿಯಲು ಪರಿಣತರ ಬಳಿ ಹೋಗಬೇಕಿಲ್ಲ. ಈಗಿರುವ ಹಳೆಯ ಕಂಪ್ಯೂಟರಿನಲ್ಲೇ ಟಾಸ್ಕ್ ಮ್ಯಾನೇಜರ್ ತೆರೆದು, ಪರ್ಫಾರ್ಮೆನ್ಸ್ ಪುಟದಲ್ಲಿಟ್ಟು, ದಿನನಿತ್ಯದ ಕೆಲಸ ಮಾಡಿ: ಪುಸ್ತಕದ ಪುಟ ಜೋಡಿಸಿ, ಟ್ಯಾಲಿಯಲ್ಲಿ ವರ್ಷದ ಲೆಕ್ಕ ತೆಗೆಯಿರಿ, ಮದುವೆ ವಿಡಿಯೊ ಎಕ್ಸ್‌ಪೋರ್ಟ್‌ಗೆ ಹಾಕಿ. ಕೆಲಸ ತಡವಾಗುತ್ತಿರುವ ಗಳಿಗೆಯಲ್ಲಿ ಸಿಪಿಯು ಪ್ರಮಾಣ ನೂರರ ಹತ್ತಿರ ಹೋದರೆ ಹೆಚ್ಚು ಕೋರು ನಿಮಗೆ ನೆರವಾಗುತ್ತದೆ. ನಾಲ್ಕು ಥ್ರೆಡ್ಡಿನ ಯಂತ್ರದಲ್ಲಿ ಅದು 25ರ ಸುತ್ತ ಗಟ್ಟಿಯಾಗಿ ನಿಂತುಬಿಟ್ಟಿದ್ದರೆ ಒಂದೇ ಥ್ರೆಡ್ ಬೆವರು ಸುರಿಸುತ್ತಿದೆ ಎಂದರ್ಥ. ಆಗ ಬೇಕಾದದ್ದು ವೇಗದ ಕೋರು, ಹೆಚ್ಚು ಕೋರಲ್ಲ. ಸಿಪಿಯು ಹತ್ತರಲ್ಲಿ ಮಲಗಿದ್ದು ಡಿಸ್ಕ್ ಮಾತ್ರ ನೂರು ತೋರಿಸುತ್ತಿದ್ದರೆ ಪ್ರೊಸೆಸರ್ ಬದಲಿಸುವ ಮಾತೇ ಬೇಡ. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಮುಗಿಯಿತು. ಹತ್ತು ನಿಮಿಷದ ಈ ಪರೀಕ್ಷೆ ಮಾಡದೆ ಯಾರೂ ಹೊಸ ಪ್ರೊಸೆಸರಿಗೆ ದುಡ್ಡು ಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಇದೇ ಸಾಲಿನಲ್ಲಿ ಬೆಲೆಯ ಒಂದು ಒಳಗುಟ್ಟೂ ಇದೆ. ಐ5-12400 ಎರಡು ಬಗೆಯ ಸಿಲಿಕಾನ್ ತುಂಡುಗಳಿಂದ ತಯಾರಾಗಿದೆ. ಒಂದು ಆರೇ ಕೋರುಗಳ ಚಿಕ್ಕ ತುಂಡು. ಇನ್ನೊಂದು ಹದಿನಾರು ಕೋರುಗಳ ದೊಡ್ಡ ತುಂಡು, ಹತ್ತನ್ನು ಕಾರ್ಖಾನೆಯಲ್ಲೇ ಮುಚ್ಚಿದ್ದು. ದೊಡ್ಡ ತುಂಡಿನಲ್ಲಿ ಕೆಲವು ಭಾಗ ಕೆಟ್ಟಿದ್ದರೆ ಅದನ್ನು ಎಸೆಯದೆ ಕೆಳಗಿನ ದರ್ಜೆಯ ಹೆಸರಿನಲ್ಲಿ ಮಾರುವುದು ಈ ಉದ್ಯಮದ ಹಳೆಯ ರೂಢಿ. ಪೆಟ್ಟಿಗೆಯ ಬೆಲೆಗೂ ಒಳಗಿನ ಸಿಲಿಕಾನಿನ ಖರ್ಚಿಗೂ ನೇರ ಸಂಬಂಧವಿಲ್ಲ ಎಂಬುದು ಇಲ್ಲಿ ಕಣ್ಣಿಗೆ ಕಾಣುತ್ತದೆ.

“ಬೇಸ್ 2.5 ಗಿಗಾಹರ್ಟ್ಸ್, ಗರಿಷ್ಠ ಟರ್ಬೊ 4.4 ಗಿಗಾಹರ್ಟ್ಸ್”

ಬೇಸ್ ಎಂದರೆ ಸದಾ ಕಾಯ್ದುಕೊಳ್ಳುವ ವೇಗ, ಟರ್ಬೊ ಎಂದರೆ ಅವಕಾಶ ಸಿಕ್ಕಾಗ ಏರಬಲ್ಲ ವೇಗ. ಗಿಗಾಹರ್ಟ್ಸ್ ನೋಡಿ ಪ್ರೊಸೆಸರ್ ಆರಿಸುವ ಅಭ್ಯಾಸ ಪೆಂಟಿಯಂ ಕಾಲದ್ದು. ಆ ಅಭ್ಯಾಸ ಮುರಿದುಬಿದ್ದದ್ದೂ ಪೆಂಟಿಯಂನಲ್ಲೇ. ಪೆಂಟಿಯಂ 4 ಗಡಿಯಾರದ ವೇಗವನ್ನೇ ಗುರಿಯಾಗಿಟ್ಟ ವಿನ್ಯಾಸ. 2004ರಲ್ಲಿ ಅದು 3.8 ಗಿಗಾಹರ್ಟ್ಸ್ ಮುಟ್ಟಿತು. ಆ ಹೊತ್ತಿಗೆ ಒಂದು ಸೂಚನೆ 31 ಹಂತಗಳನ್ನು ದಾಟಿ ಹೊರಬರಬೇಕಿತ್ತು. ಮುಂದಿನ ಸೂಚನೆ ಯಾವುದೆಂಬ ಪ್ರೊಸೆಸರಿನ ಊಹೆ ನಡುವೆ ತಪ್ಪಿದರೆ ಅಷ್ಟೂ ಕೆಲಸ ಚೆಲ್ಲಿಹೋಗುತ್ತಿತ್ತು. ಚಿಪ್ಪಿನ ಬಿಸಿಯೂ ವಿಪರೀತವಾಗಿ, 4 ಗಿಗಾಹರ್ಟ್ಸ್‌ನ ಪೆಂಟಿಯಂ 4 ತರುವ ಯೋಜನೆಯನ್ನು ಇಂಟೆಲ್ ಅದೇ ವರ್ಷ ರದ್ದು ಮಾಡಿತು. 2006ರಲ್ಲಿ ಬಂದ ಕೋರ್ 2 ಡ್ಯುಯೊ ಇ6600ರ ವೇಗ ಬರೀ 2.4 ಗಿಗಾಹರ್ಟ್ಸ್, ಹಂತಗಳು 14. ಅದು ಪೆಂಟಿಯಂ 4ನ್ನು ಸುಲಭವಾಗಿ ಸೋಲಿಸಿತು. ಗಡಿಯಾರದ ಒಂದು ಮಿಡಿತಕ್ಕೆ ಎಷ್ಟು ಕೆಲಸ ಎಂಬುದನ್ನು ಗಿಗಾಹರ್ಟ್ಸ್ ಹೇಳುವುದಿಲ್ಲ. ಒಂದೇ ತಲೆಮಾರಿನ, ಒಂದೇ ವಿನ್ಯಾಸದ ಎರಡು ಪ್ರೊಸೆಸರುಗಳನ್ನು ಅಕ್ಕಪಕ್ಕ ಇಟ್ಟಾಗ ಮಾತ್ರ ಈ ಸಾಲಿಗೆ ಬೆಲೆ.

“ಕ್ಯಾಶ್ 18 ಎಂಬಿ”

ಕೊಳ್ಳುವವರು ಕಣ್ಣುಹಾಯಿಸದೆ ದಾಟಿಬಿಡುವ ಸಾಲು ಇದು. ನನಗೆ ಇಡೀ ಪಟ್ಟಿಯಲ್ಲಿ ಅತ್ಯಂತ ಪ್ರೀತಿಯದು.

4.4 ಗಿಗಾಹರ್ಟ್ಸ್ ವೇಗದಲ್ಲಿ ಓಡುವ ಕೋರಿಗೆ ರ್‍ಯಾಮಿನಿಂದ ಒಂದು ಮಾಹಿತಿ ಬರಲು 75 ನ್ಯಾನೊಸೆಕೆಂಡ್ ಹಿಡಿಯಿತು ಎನ್ನಿ. ಅಷ್ಟರಲ್ಲಿ ಕೋರಿನ 330 ಮಿಡಿತಗಳು ಕಳೆದಿರುತ್ತವೆ. ಒಗ್ಗರಣೆಗೆ ಎಣ್ಣೆ ಕಾದ ಮೇಲೆ ಸಾಸಿವೆ ತರಲು ಅಂಗಡಿಗೆ ಓಡಿದ ಹಾಗೆ. ಕ್ಯಾಶ್ ಎಂದರೆ ಒಲೆಯ ಪಕ್ಕದ ಸಾಸಿವೆ ಡಬ್ಬಿ: ಇತ್ತೀಚೆಗೆ ಬಳಸಿದ, ಮತ್ತೆ ಬೇಕಾಗಬಹುದಾದ ಮಾಹಿತಿ ಚಿಪ್ಪಿನೊಳಗೇ ಇರುತ್ತದೆ.

ಇದರ ಮಹತ್ವಕ್ಕೆ ಎಎಂಡಿಯವರ ಎರಡು ಪ್ರೊಸೆಸರುಗಳಿಗಿಂತ ಒಳ್ಳೆಯ ಸಾಕ್ಷಿ ಇಲ್ಲ. ರೈಜನ್ 7 5800ಎಕ್ಸ್ 2020ರದು. ಎಂಟು ಕೋರು, ಗರಿಷ್ಠ 4.7 ಗಿಗಾಹರ್ಟ್ಸ್, ಮೂರನೇ ಹಂತದ ಕ್ಯಾಶ್ 32 ಎಂಬಿ. 2022ರ ಏಪ್ರಿಲಿನಲ್ಲಿ ಬಂದ 5800ಎಕ್ಸ್3ಡಿ ಕೂಡ ಅದೇ ವಿನ್ಯಾಸ, ಅದೇ ಎಂಟು ಕೋರು. ಅದರ ಮೇಲೆ ಕ್ಯಾಶಿನ ಇನ್ನೊಂದು ಪದರ ಕೂರಿಸಿ ಒಟ್ಟು 96 ಎಂಬಿ ಮಾಡಿದರು. ಆ ಪದರದ ಕಾರಣಕ್ಕೆ ವೇಗವನ್ನು 4.5ಕ್ಕೆ ಇಳಿಸಬೇಕಾಯಿತು. ಬಿಡುಗಡೆಯ ಬೆಲೆ ಎರಡಕ್ಕೂ 449 ಡಾಲರ್. ಫಲ? ಬಹುಪಾಲು ಆಟಗಳಲ್ಲಿ ನಿಧಾನದ ಗಡಿಯಾರದ್ದೇ ಮುಂದೆ, ಕೆಲವುದರಲ್ಲಿ ಬಹಳ ಮುಂದೆ. ಬ್ಲೆಂಡರಿನಂಥ ರೆಂಡರಿಂಗ್ ಕೆಲಸದಲ್ಲಿ ಹಳೆಯದೇ ತುಸು ಮೇಲು. ಸಮಾನ ಬೆಲೆಯ ಈ ಎರಡರಲ್ಲಿ ಯಾವುದು ಲಾಭ ಎಂದು ಕೇಳಿದರೆ, ಕೇಳಿದವರ ಕೆಲಸ ತಿಳಿಯದೆ ಉತ್ತರ ಹೇಳಲು ಸಾಧ್ಯವೇ ಇಲ್ಲ.

ಆಟಕ್ಕೆಂದು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ. ವಿಮರ್ಶಕರು ಪ್ರೊಸೆಸರುಗಳ ಅಂತರ ಎದ್ದು ಕಾಣಲೆಂದು ಅತಿ ದುಬಾರಿ ಗ್ರಾಫಿಕ್ಸ್ ಕಾರ್ಡು ಹಾಕಿ, ಪರದೆಯ ರೆಸಲ್ಯೂಷನ್ ಇಳಿಸಿ ಪರೀಕ್ಷೆ ಮಾಡುತ್ತಾರೆ. ಪರೀಕ್ಷೆಯ ಕ್ರಮವಾಗಿ ಅದು ಸರಿ. ಮಧ್ಯಮ ದರ್ಜೆಯ ಕಾರ್ಡು ಹಾಕಿದವರ ಮನೆಯಲ್ಲಿ ಕಾರ್ಡೇ ಮೊದಲು ಏದುಸಿರು ಬಿಡುವುದರಿಂದ ಆ ಅಂತರದ ಬಹುಪಾಲು ಕಾಣಸಿಗದು.

“ಬೇಸ್ ಪವರ್ 65 ವ್ಯಾಟ್, ಗರಿಷ್ಠ ಟರ್ಬೊ ಪವರ್ 117 ವ್ಯಾಟ್”

ಈ ಸಾಲಿನಲ್ಲಿ ಮುಂದೆ ತೆರಬೇಕಾದ ದುಡ್ಡು ಅಡಗಿದೆ. ಇದೇ ತಲೆಮಾರಿನ ಐ9-12900ಕೆ ಗರಿಷ್ಠ 241 ವ್ಯಾಟ್ ಎಳೆಯುತ್ತದೆ. ಅದರ ಪೆಟ್ಟಿಗೆಯಲ್ಲಿ ಕೂಲರ್ ಬರುವುದಿಲ್ಲ. ದೊಡ್ಡ ಕೂಲರ್, ಗಟ್ಟಿ ಮದರ್‌ಬೋರ್ಡು, ಹೆಚ್ಚಿನ ಸಾಮರ್ಥ್ಯದ ಎಸ್‌ಎಂಪಿಎಸ್ ಬೇರೆ ಕೊಳ್ಳಬೇಕು. 12400ಎಫ್ ಪೆಟ್ಟಿಗೆಯಲ್ಲಿ ಕೂಲರ್ ಇರುತ್ತದೆ, ಅದು ಸಾಕು. ಕರೆಂಟಿನ ಲೆಕ್ಕ ಅಷ್ಟು ಹೆದರಿಸುವಂಥದ್ದಲ್ಲ: 100 ವ್ಯಾಟ್ ಹೆಚ್ಚಾದರೆ, ದಿನಕ್ಕೆ ಆರು ಗಂಟೆಯಂತೆ ವರ್ಷಕ್ಕೆ 300 ದಿನ ಪೂರ್ತಿ ದುಡಿಸಿದರೆ 180 ಯೂನಿಟ್. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 1,080 ರೂಪಾಯಿ. ಕರೆಂಟು ಹೋಗುವ ಊರಿನಲ್ಲಿ ಯುಪಿಎಸ್ ಲೆಕ್ಕ ಇದಕ್ಕಿಂತ ಮುಖ್ಯ. ಸಾಮಾನ್ಯವಾಗಿ ಸಿಗುವ 600 ವಿಎ ಯುಪಿಎಸ್ ಹೊರುವುದು 360 ವ್ಯಾಟ್ ಆಸುಪಾಸು. ಮಾನಿಟರ್, ಗ್ರಾಫಿಕ್ಸ್ ಕಾರ್ಡು ಸೇರಿ ಅದನ್ನು ಮೀರಿದರೆ ಲೈಟು ಹೋದ ಕ್ಷಣವೇ ಸೇವ್ ಮಾಡದ ಕೆಲಸವೂ ಹೋಯಿತು.

“ಸಾಕೆಟ್ ಎಲ್‌ಜಿಎ 1700”

ಸಾಕೆಟ್ ಎಂದರೆ ಮುಂದಿನ ದಾರಿ. ಎಲ್‌ಜಿಎ 1700ರಲ್ಲಿ ಇಂಟೆಲಿನ 12, 13, 14ನೇ ತಲೆಮಾರುಗಳು ಕೂರುತ್ತವೆ; ಆಮೇಲಿನವಕ್ಕೆ 1851 ಎಂಬ ಬೇರೆ ಸಾಕೆಟ್. ಎಎಂಡಿಯ ಎಎಂ4 ಸಾಕೆಟ್ ಈ ವಿಷಯದಲ್ಲಿ ಉದಾರ. 2017ರಲ್ಲಿ ರೈಜನ್ 5 1600 ಹಾಕಿಸಿಕೊಂಡವರಲ್ಲಿ ಅನೇಕರು ಬಯಾಸ್ ಅಪ್‌ಡೇಟ್ ಮಾಡಿಕೊಂಡು ಅದೇ ಬೋರ್ಡಿನಲ್ಲಿ 5800ಎಕ್ಸ್3ಡಿ ಕೂರಿಸಿದರು. ಬೋರ್ಡಿಗೆ, ರ್‍ಯಾಮಿಗೆ ಮತ್ತೆ ದುಡ್ಡು ಹಾಕದೆ ಐದು ವರ್ಷದ ಮೇಲೆ ಹೊಸ ಯಂತ್ರ ಸಿಕ್ಕಂತಾಯಿತು. ಬೋರ್ಡಿನ ಮಾತು ಬಂದದ್ದಕ್ಕೆ: 12400ಎಫ್ ಓವರ್‌ಕ್ಲಾಕ್ ಮಾಡಲೆಂದು, ಅಂದರೆ ನಿಗದಿಗಿಂತ ಹೆಚ್ಚು ವೇಗದಲ್ಲಿ ಓಡಿಸಲೆಂದು, ತಯಾರಾದದ್ದಲ್ಲ, ಅದಕ್ಕೆ ದುಬಾರಿ ಜೆಡ್690 ಬೋರ್ಡು ಬರೆದ ಕೊಟೇಶನ್ ವಾಪಸ್ ಕೊಡಬಹುದು.

“ಮೆಮೊರಿ: ಡಿಡಿಆರ್4-3200, ಡಿಡಿಆರ್5-4800; ಚಾನೆಲ್ 2”

ಪ್ರೊಸೆಸರ್ ಎರಡನ್ನೂ ಬಲ್ಲದು, ಬೋರ್ಡು ಯಾವುದೋ ಒಂದನ್ನು ಮಾತ್ರ. ಈ ಸಾಲಿನಲ್ಲಿ ನೋಡಬೇಕಾದದ್ದು ‘ಚಾನೆಲ್ 2’. 16 ಜಿಬಿಯ ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತದೆ, ಮಾಹಿತಿ ಹರಿಯುವ ಅಗಲ ಅರ್ಧವಾಗುತ್ತದೆ. 8 ಜಿಬಿಯ ಎರಡು ಸ್ಟಿಕ್ ಎಂದು ಚೀಟಿಯಲ್ಲಿ ಬರೆಸಿ.

“ಪ್ರೊಸೆಸರ್ ಗ್ರಾಫಿಕ್ಸ್: ಇಲ್ಲ”

‘ಎಫ್’ ಬಾಲದ ಅರ್ಥ ಇದೇ. ಬಿಡುಗಡೆಯ ಹೊತ್ತಿಗೆ 12400ರ ಬೆಲೆ 192 ಡಾಲರ್, 12400ಎಫ್ ಬೆಲೆ 167. ಉಳಿತಾಯ 25 ಡಾಲರ್. ಆಟಕ್ಕೆ, ತ್ರೀಡಿ ಕೆಲಸಕ್ಕೆ ಹೇಗೂ ಗ್ರಾಫಿಕ್ಸ್ ಕಾರ್ಡು ಕೊಳ್ಳುವವರಿಗೆ ಇದು ನಿಜವಾದ ಉಳಿತಾಯ. ಡಿಟಿಪಿ, ಆಫೀಸು, ಓದು ಎನ್ನುವವರಿಗೆ ‘ಎಫ್’ ಬೇಡವೇ ಬೇಡ. ಪರದೆಯ ಮೇಲೆ ಚಿತ್ರ ಬರಲಿಕ್ಕೇ ಒಂದು ಕಾರ್ಡು ಕೊಳ್ಳಬೇಕಾಗಿ ಬಂದು ಉಳಿಸಿದ್ದಕ್ಕಿಂತ ಹೆಚ್ಚು ಕೈಬಿಡುತ್ತದೆ. ವಿಡಿಯೊ ಸಂಕಲನ ಮಾಡುವವರೂ ಯೋಚಿಸಬೇಕು: ಎಕ್ಸ್‌ಪೋರ್ಟ್ ವೇಗ ಹೆಚ್ಚಿಸುವ ಇಂಟೆಲಿನ ‘ಕ್ವಿಕ್ ಸಿಂಕ್’ ಇರುವುದು ಆ ಗ್ರಾಫಿಕ್ಸ್ ಭಾಗದಲ್ಲೇ, ‘ಎಫ್’ನಲ್ಲಿ ಅದೂ ಇಲ್ಲ. ಕಾರ್ಡು ಕೆಟ್ಟು ರಿಪೇರಿಗೆ ಹೋದ ದಿನಗಳಲ್ಲಿ ‘ಎಫ್’ ಯಂತ್ರದ ಪರದೆ ಕಪ್ಪು. ‘ಎಫ್’ ಇಲ್ಲದ್ದರಲ್ಲಿ ಕೇಬಲ್ ಬದಲಿಸಿ ಕೆಲಸ ಮುಂದುವರಿಸಬಹುದು.

“ಶಿಫಾರಸು ಬೆಲೆ 167 ಡಾಲರ್”

ಇದು ಬಿಡುಗಡೆಯ ಹೊತ್ತಿಗೆ ಸಾವಿರ ನಗದ ಲೆಕ್ಕದಲ್ಲಿ ಕಂಪನಿ ಹೇಳಿದ ಬೆಲೆ. ನಮ್ಮ ಕೈಗೆ ಬರುವಾಗ ಡಾಲರಿನ ದರ, ವಿತರಕರ ಪಾಲು, ನೂರಕ್ಕೆ 18ರ ಜಿಎಸ್‌ಟಿ ಸೇರಿರುತ್ತದೆ. ಆದರೂ ಒಂದೇ ತಲೆಮಾರಿನೊಳಗೆ ಹೋಲಿಸಲು ಈ ಬೆಲೆಗಳೇ ಅನುಕೂಲ. ಬಿಡುಗಡೆಯ ಹೊತ್ತಿಗೆ ಐ3-12100ಎಫ್ 97 ಡಾಲರ್, ನಾಲ್ಕು ಕೋರು. ನಮ್ಮದು 167, ಆರು ಕೋರು. ಐ9-12900ಕೆ 589, ಹದಿನಾರು ಕೋರು. ಕೋರಿಗೆ ಇಷ್ಟು ಎಂದು ಭಾಗಿಸಿದರೆ 24, 28, 37 ಡಾಲರ್. ಬೆಲೆಯನ್ನು ವೇಗ ಪರೀಕ್ಷೆಯ ಅಂಕದಿಂದ ಭಾಗಿಸುವ ಪಟ್ಟಿಗಳಲ್ಲಿ ಅಗ್ಗದ್ದು ಬಹುತೇಕ ಯಾವಾಗಲೂ ಗೆಲ್ಲುವುದು ಹೀಗೆ. ಆ ಪಟ್ಟಿಗಳನ್ನು ನಾನು ಒಪ್ಪುವುದಿಲ್ಲ. ಬರಿಯ ಪ್ರೊಸೆಸರ್ ಯಾವ ಕೆಲಸವನ್ನೂ ಮಾಡದು. ನಾವು ದುಡ್ಡು ಕೊಡುವುದು ಇಡೀ ಕಂಪ್ಯೂಟರಿಗೆ. ಭಾಗಿಸಬೇಕಾದದ್ದು ಆ ಮೊತ್ತವನ್ನು.

ಲೆಕ್ಕಕ್ಕೆಂದು ದುಂಡು ಅಂಕಿ ಹಿಡಿಯುತ್ತೇನೆ. ಪ್ರೊಸೆಸರ್ ಬಿಟ್ಟು ಉಳಿದದ್ದಕ್ಕೆ 40,000 ರೂಪಾಯಿ. ಮೊದಲ ಪ್ರೊಸೆಸರ್ 8,000, ಎರಡನೆಯದು 13,000. ಮೂರನೆಯದು 45,000, ಜೊತೆಗೆ ಅದಕ್ಕೆ ಬೇಕಾದ ಬೋರ್ಡು, ಕೂಲರ್, ಎಸ್‌ಎಂಪಿಎಸ್‌ಗೆ ಮೇಲೆ 15,000. ಯಂತ್ರಗಳ ಮೊತ್ತ 48,000, 53,000, ಒಂದು ಲಕ್ಷ. ಎಲ್ಲ ಕೋರುಗಳೂ ದುಡಿಯುವ ರೆಂಡರಿಂಗ್ ಕೆಲಸದಲ್ಲಿ ಇವು ಕ್ರಮವಾಗಿ 100, 140, 300 ಅಂಕ ಗಳಿಸಿದವು ಎನ್ನೋಣ. ಅಂಕವೊಂದಕ್ಕೆ ಬಿದ್ದ ಖರ್ಚು 480, 379, 333 ರೂಪಾಯಿ. ಅತಿ ದುಬಾರಿಯದೇ ಅಗ್ಗ! ಒಂದೇ ಥ್ರೆಡ್ ದುಡಿಯುವ ಕೆಲಸದಲ್ಲಿ ಅಂಕಗಳು 100, 103, 120 ಎಂದಾದರೆ ಖರ್ಚು 480, 515, 833. ಕ್ರಮ ಪೂರ್ತಿ ತಿರುಗಿತು. ಪ್ರೊಸೆಸರುಗಳು ಅವೇ, ಬೆಲೆಗಳೂ ಅವೇ. ಬದಲಾದದ್ದು ಕೂತು ಕೆಲಸ ಮಾಡುವವರು.

ಇದರ ಜೊತೆ ಕಾಯುವಿಕೆಯ ಬೆಲೆಯನ್ನೂ ಹಿಡಿಯಬೇಕು. ಗಿರಾಕಿ ಎದುರು ಕೂತಿರುವಾಗ ಪ್ರತಿ ಫೋಟೊಕ್ಕೂ ಹತ್ತು ಸೆಕೆಂಡ್ ತಡವಾಗುವುದು ಸ್ಟುಡಿಯೊದವರಿಗೆ ನೇರ ನಷ್ಟ. ಆ ಹತ್ತು ಸೆಕೆಂಡ್ ಉಳಿಸಲು ಐದು ಸಾವಿರ ಹೆಚ್ಚು ಕೊಟ್ಟರೆ ತಪ್ಪಿಲ್ಲ. ಮಲಗುವ ಮುನ್ನ ಎಕ್ಸ್‌ಪೋರ್ಟ್‌ಗೆ ಹಾಕಿ ಬೆಳಿಗ್ಗೆ ನೋಡುವ ವಿಡಿಯೊ ಮೂರು ಗಂಟೆ ತೆಗೆದುಕೊಂಡರೇನು, ಐದು ತೆಗೆದುಕೊಂಡರೇನು? ಎಂಜಿನಿಯರಿಂಗ್ ಮೊದಲ ವರ್ಷದ ಹುಡುಗಿಗೆ ಆರು ಕೋರಿನ ಪ್ರೊಸೆಸರ್, 16 ಜಿಬಿ ರ್‍ಯಾಮ್, ಒಳ್ಳೆಯ ಎಸ್‌ಎಸ್‌ಡಿ ಕೊಡಿಸಿ ಉಳಿದ ದುಡ್ಡನ್ನು ಕಣ್ಣು ನೋಯಿಸದ ಮಾನಿಟರಿಗೆ ಹಾಕಿದರೆ ಅವಳ ಓದಿಗೆ ಆಗುವ ಉಪಕಾರ ದೊಡ್ಡದು.

“ಬಾಕ್ಸ್ ಪ್ರೊಸೆಸರ್, ವಾರಂಟಿ 3 ವರ್ಷ”

ಕಂಪನಿಯ ಮೂರು ವರ್ಷದ ವಾರಂಟಿ ಮತ್ತು ಕೂಲರ್ ಬರುವುದು ಪೆಟ್ಟಿಗೆಯಲ್ಲಿ ಮಾರುವ ಪ್ರೊಸೆಸರಿಗೆ. ಕಂಪ್ಯೂಟರ್ ತಯಾರಕರಿಗೆಂದು ಬಿಡಿಯಾಗಿ ಬರುವ ‘ಟ್ರೇ’ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೂ ಕೂಲರ್ ಇರುವುದಿಲ್ಲ, ಕೆಟ್ಟರೆ ಮಾರಿದವರನ್ನೇ ಹಿಡಿಯಬೇಕು. ಬಿಲ್ ಬೇಡವೆಂದರೆ ಕಡಿಮೆ ಮಾಡುತ್ತೇವೆ ಎಂಬ ಮಾತಿಗೆ ಒಪ್ಪಬೇಡಿ. ಬಿಲ್ಲಿನ ಮೇಲೆ ಸೀರಿಯಲ್ ನಂಬರ್ ಬರೆಸಿ, ಪೆಟ್ಟಿಗೆಯ ಮೇಲಿನ ನಂಬರಿನೊಂದಿಗೆ ಅಂಗಡಿಯಲ್ಲೇ ತಾಳೆ ನೋಡಿ. ನೀವೇ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರಾದರೆ ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸಿ. ಕೊಟ್ಟ ತೆರಿಗೆಯನ್ನು ಇನ್‌ಪುಟ್ ಕ್ರೆಡಿಟ್ ಆಗಿ ಪಡೆಯಲು ಆ ಬಿಲ್ಲೇ ಆಧಾರ.